ಎತ್ತಿಕೊಂಡರೆ ಮಗು ಕೆಡುವುದಿಲ್ಲ

ಪ್ರಶ್ನೆ: ನನಗೀಗ ಏಳು ತಿಂಗಳು. ಬೇಸರಕ್ಕೆ ಅತ್ತರೆ ‘ಮಗುವಿಗೆ ತಟ್ಟುತ್ತೆ’ ಅನ್ನುತ್ತಾರೆ ಅತ್ತೆ. ಹುಟ್ಟಿದ ಮೇಲೆ ಅತ್ತಾಗಲೆಲ್ಲ ಎತ್ತಿಕೊಂಡರೆ ಹಟ ಕಲಿಯುತ್ತದಂತೆ. ಏನು ಮಾಡಲಿ?
– ಗೃಹಿಣಿ, ಶೇಷಾದ್ರಿಪುರಂ

ಉತ್ತರ: ಅಳು ಬಂದರೆ ಅತ್ತುಬಿಡಿ. ಒಂದು ಸಂಜೆಯ ಕಣ್ಣೀರಿನಿಂದ ಮಗುವಿಗೆ ಏನೂ ಆಗದು. ಅಭಿಮನ್ಯುವಿನಂತೆ ಹೊಟ್ಟೆಯೊಳಗೇ ಚಕ್ರವ್ಯೂಹ ಕಲಿಯದಿದ್ದರೂ ಅದಕ್ಕೀಗ ಕಿವಿ ಕೇಳುತ್ತದೆ. ಶೇಷಾದ್ರಿಪುರಂ ರಸ್ತೆಯ ಹಾರನ್ನುಗಳು ಮಂದವಾಗಿ, ನಿಮ್ಮ ದನಿ ಎಲ್ಲಕ್ಕಿಂತ ಚೆನ್ನಾಗಿ. 1980ರಲ್ಲಿ ಸಂಶೋಧಕರಾದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್, ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ದನಿ ಕೇಳಿಸಿ ನೋಡಿದರು. ಅವು ಚೀಪುವ ಲಯವನ್ನೇ ಬದಲಿಸಿಕೊಂಡು, ಬೇರೆ ಹೆಂಗಸಿನ ದನಿಗಿಂತ ಅಮ್ಮನ ದನಿಯನ್ನೇ ಹೆಚ್ಚು ಕೇಳಿಸಿಕೊಂಡವು! ಹಾಗಾಗಿ ಹೊಟ್ಟೆಗೆ ಹೆಡ್‌ಫೋನ್ ಕಟ್ಟಿ ವೀಣೆ ಕೇಳಿಸುವ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಸಾರಿಗೆ ಒಗ್ಗರಣೆ ಹಾಕುತ್ತಾ ಅದರೊಂದಿಗೆ ಮಾತಾಡಿ, ಸಾಕು.

ಎಳೆಗೂಸಿಗೆ ಹಟ ಹೂಡುವಷ್ಟು ಬುದ್ಧಿ ಬೆಳೆದಿರುವುದಿಲ್ಲ. ಹಸಿವು, ಒದ್ದೆ, ಚಳಿ, ಯಾರಾದರೂ ಹತ್ತಿರ ಬೇಕೆಂಬ ಆಸೆ, ಎಲ್ಲಕ್ಕೂ ಅದರ ಬಳಿ ಇರುವುದು ಅಳು ಒಂದೇ. ತಾನಾಗಿ ಸಮಾಧಾನವಾಗಲೂ ಇನ್ನೂ ಬರದು. ಎತ್ತಿ ಎದೆಗೊರಗಿಸಿಕೊಳ್ಳಿ; ತನ್ನವರು ಹತ್ತಿರವೇ ಇದ್ದಾರೆಂಬ ಭರವಸೆ ಅದಕ್ಕೆ ಸಿಗಲಿ. ಅತ್ತೆಯವರ ಕೈಗೂ ಕೊಡಿ. ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮಾತಾಡಿಸುತ್ತಾ ನೀರೆರೆಯುವ ಅವರ ಪದ್ಧತಿ ಕೊಡುವುದೂ ಇದೇ ಭರವಸೆಯನ್ನು. (ಈ ಮಾತನ್ನು ಅವರಿಗೂ ಓದಿ ಹೇಳಿ.)

ಆದರೆ ನಿಮ್ಮ ಬೇಸರ ಎರಡು ವಾರ ದಾಟಿದರೆ, ನಿದ್ದೆ–ಊಟ ಕೆಟ್ಟರೆ, ತಡಮಾಡದೆ ನಿಮ್ಮ ಪ್ರಸೂತಿ ವೈದ್ಯರಿಗೆ ತಿಳಿಸಿ. ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.