ಡೀಸೆಲ್ ಇಂಜಿನ್ನಿನ ಇಂಧನ ಮಾರ್ಗದಿಂದ ಗಾಳಿ ತೆಗೆಯುವ ಕ್ರಮ

ಟ್ಯಾಂಕಿನಲ್ಲಿ ಡೀಸೆಲ್ ಇದೆ, ಹ್ಯಾಂಡಲ್ ಹಾಕಿದರೆ ಇಂಜಿನ್ ಸಲೀಸಾಗಿ ತಿರುಗುತ್ತದೆ. ಆದರೂ ಚಾಲೂ ಆಗುವುದಿಲ್ಲ. ಆದರೂ ಒಂದೆರಡು ನಿಮಿಷ ಓಡಿ ನಿಂತುಬಿಡುತ್ತದೆ. ಬೆಳೆ ನೀರಿಗೆ ಕಾದಿರುವ ಹೊತ್ತಿನಲ್ಲಿ ಹೀಗಾದರೆ ಪಂಪು, ಇಂಜೆಕ್ಟರು ಕೆಟ್ಟಿವೆಯೆಂದು ಬಿಚ್ಚಿಸಲು ಹೊರಡುವುದುಂಟು. ಅದಕ್ಕೆ ಮೊದಲು ಇಂಧನ ಮಾರ್ಗದಲ್ಲಿ ಗಾಳಿ ಸೇರಿದೆಯೇ ಎಂದು ನೋಡಬೇಕು. ಈ ದೋಷವನ್ನು ಒಂದೆರಡು ಸ್ಪ್ಯಾನರುಗಳಿಂದ ರೈತರೇ ಸರಿಪಡಿಸಿಕೊಳ್ಳಬಹುದು.

ಗಾಳಿಯಿಂದಾಗುವ ತೊಂದರೆ

ಪಂಪ್‌ಸೆಟ್ ಇಂಜಿನ್ನುಗಳಲ್ಲಿ ಇಂಜೆಕ್ಟರು ತೆರೆಯಲು ಚದರ ಸೆಂಟಿಮೀಟರಿಗೆ ಸುಮಾರು 200 ಕಿ.ಗ್ರಾಂ. ಒತ್ತಡ ಬೇಕು. ಡೀಸೆಲ್ ಒತ್ತಿದರೆ ಕುಗ್ಗುವುದು ಅತ್ಯಲ್ಪ. ಗಾಳಿ ಬಹಳ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿಗುಳ್ಳೆಯಿದ್ದರೆ ಪಂಪಿನ ಶಕ್ತಿಯೆಲ್ಲ ಅದನ್ನು ಕುಗ್ಗಿಸುವುದಕ್ಕೇ ವ್ಯಯವಾಗಿ ಇಂಜೆಕ್ಟರು ತೆರೆಯುವುದಿಲ್ಲ.

ಇಂಜಿನ್ ತಿರುಗಿಸುವಾಗ ಸೈಲೆನ್ಸರಿನಿಂದ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿಲ್ಲವೆಂದು ತಿಳಿಯಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಬೇರೆ ದೋಷ ಹುಡುಕಬೇಕು.

ಗಾಳಿ ತೆಗೆಯುವ ವಿಧಾನ

ಟ್ಯಾಂಕಿನ ಕಡೆಯಿಂದ ಆರಂಭಿಸಿ ಇಂಜೆಕ್ಟರಿನವರೆಗೆ ಕ್ರಮವಾಗಿ ಬರಬೇಕು. ಹಿಂದೆ ಉಳಿದ ಗಾಳಿ ಮತ್ತೆ ಮುಂದಕ್ಕೆ ಬರುವುದರಿಂದ ಕ್ರಮ ತಪ್ಪಿಸಬಾರದು.

1. ಫಿಲ್ಟರು, ಪಂಪುಗಳ ಸುತ್ತಲಿನ ಧೂಳನ್ನು ಒರೆಸಿರಿ. ಟ್ಯಾಂಕಿಗೆ ಡೀಸೆಲ್ ತುಂಬಿ ಕಾಕ್ ತೆರೆಯಿರಿ.

2. ಫಿಲ್ಟರಿನ ಮೇಲಿರುವ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿರಿ. ಮೊದಲು ಗುಳ್ಳೆ ಬೆರೆತ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ಒಂದೇ ಧಾರೆಯಾದ ಮೇಲೆ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.

3. ಫ್ಯೂಯಲ್ ಪಂಪಿನ ಸ್ಕ್ರೂವಿನಲ್ಲಿಯೂ ಇದೇ ರೀತಿ ಗಾಳಿ ಬಿಡಿರಿ.

4. ಇಂಜೆಕ್ಟರಿಗೆ ಸೇರುವ ಕೊಳವೆಯ ನಟ್ಟನ್ನು ಅರ್ಧ ಸುತ್ತಿನಿಂದ ಒಂದು ಸುತ್ತು ಸಡಿಲಿಸಿರಿ. ಡೀಸೆಲ್ ನಿಲ್ಲಿಸುವ ಲಿವರನ್ನು ಓಡುವ ಸ್ಥಿತಿಯಲ್ಲಿಟ್ಟು, ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ತಿರುಗಿಸಿರಿ. ಗುಳ್ಳೆ ನಿಂತ ಮೇಲೆ ನಟ್ಟು ಬಿಗಿಯಿರಿ.

5. ಮತ್ತೆ ಹ್ಯಾಂಡಲ್ ತಿರುಗಿಸಿರಿ. ಇಂಜೆಕ್ಟರಿನಿಂದ ಕಿರ್ ಕಿರ್ ಎಂಬ ಸದ್ದು ಕೇಳಿದರೆ ಡೀಸೆಲ್ ಸಿಂಪಡಣೆಯಾಗುತ್ತಿದೆ ಎಂದರ್ಥ. ಆಗ ಚಾಲೂ ಮಾಡಬಹುದು.

ಫೀಡ್ ಪಂಪು ಇರುವ ಟ್ರ್ಯಾಕ್ಟರುಗಳಲ್ಲಿ, ಸ್ಕ್ರೂ ಸಡಿಲಿಸಿ ಅದರ ಕೈಲಿವರನ್ನು ಒತ್ತುತ್ತ ಡೀಸೆಲ್ ಹರಿಸಬೇಕು.

ಗಾಳಿ ಮತ್ತೆ ಸೇರಿದರೆ

ಟ್ಯಾಂಕು ಬರಿದಾದಾಗ ಅಥವಾ ಫಿಲ್ಟರು ಬದಲಿಸಿದಾಗ ಗಾಳಿ ಸೇರುವುದು ಸಹಜ. ಇವೆರಡೂ ಇಲ್ಲದೆ ಪದೇ ಪದೇ ಸೇರುತ್ತಿದ್ದರೆ ಎಲ್ಲೋ ಸಂದು ಬಿಟ್ಟಿದೆ. ಟ್ಯಾಂಕು ಎತ್ತರದಲ್ಲಿರುವ ಪಂಪ್‌ಸೆಟ್ಟಿನಲ್ಲಿ ಅಂಥ ಜಾಗದಲ್ಲಿ ಸಾಮಾನ್ಯವಾಗಿ ಡೀಸೆಲ್ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಫೀಡ್ ಪಂಪು ಡೀಸೆಲನ್ನು ಎಳೆದುಕೊಳ್ಳುವ ಕೊಳವೆಯಲ್ಲಿ, ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಒಳಗೆ ಸೇರಬಲ್ಲದು. ಆದ್ದರಿಂದ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ರಬ್ಬರ್ ಕೊಳವೆ, ಕ್ಲಿಪ್ಪು, ವಾಷರುಗಳನ್ನು ಒಂದೊಂದಾಗಿ ನೋಡಬೇಕು. ಬಿರಿದ ಕೊಳವೆ, ಸವೆದ ವಾಷರುಗಳನ್ನು ಬದಲಾಯಿಸಬೇಕು. ಅತಿಯಾಗಿ ಬಿಗಿದರೆ ಮರೆ ಹಾಳಾಗುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವೂ ಕಟ್ಟಿರಬಾರದು.

ಎಚ್ಚರಿಕೆ

ಇಂಜೆಕ್ಟರಿನ ಸಿಂಪಡಣೆಗೆ ಕೈಯೊಡ್ಡಬೇಡಿರಿ. ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಚೆಲ್ಲಿದ ಡೀಸೆಲನ್ನು ಒರೆಸಿ, ಹತ್ತಿರ ಬೀಡಿ ಹಚ್ಚದಿರಿ.

ಕಾಮನ್ ರೈಲ್ ಇಂಜಿನ್ನಿನ ಹೊಸ ಟ್ರ್ಯಾಕ್ಟರುಗಳಲ್ಲಿ ಒತ್ತಡ 1000 ಕಿ.ಗ್ರಾಂ. ಮೀರುವುದರಿಂದ ಇಂಜೆಕ್ಟರಿನ ಕೊಳವೆಯನ್ನು ಎಂದಿಗೂ ಸಡಿಲಿಸಬಾರದು. ಅವುಗಳಿಗೆ ಕಂಪನಿಯ ಕೈಪಿಡಿಯಲ್ಲಿ ಹೇಳಿದ ಕ್ರಮವನ್ನೇ ಅನುಸರಿಸಬೇಕು.

ಟ್ಯಾಂಕಿನ ಕಾಲು ಭಾಗ ಉಳಿದಿರುವಾಗಲೇ ಡೀಸೆಲ್ ತುಂಬುವ ರೂಢಿಯಿಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.