ನಾನು ತಿದ್ದಿದ ಸಾಲು ಇಂಕ್‌ಸ್ಕೇಪ್‌ಗೆ ಸೇರುತ್ತದೆಯೇ?

ಪ್ರಶ್ನೆ: ಆಮಂತ್ರಣ ಪತ್ರಿಕೆ, ಬ್ಯಾನರ್‌ಗಳ ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಬಳಸುತ್ತೇನೆ. ಕಾಲೇಜಿನಲ್ಲಿ ಸ್ವಲ್ಪ ಸಿ ಪ್ಲಸ್ ಪ್ಲಸ್ ಕಲಿತಿದ್ದೇನೆ. ಕಣ್ಣಿಗೆ ಬಿದ್ದ ಸಣ್ಣಪುಟ್ಟ ಕುಂದುಗಳ ಬಗ್ಗೆ ಹೇಳಿದರೆ ಗೆಳೆಯ, ‘ಓಪನ್ ಸೋರ್ಸ್ ತಾನೆ, ನೀನೇ ಸರಿಮಾಡಿ ಪ್ಯಾಚ್ ಕಳಿಸು’ ಎನ್ನುತ್ತಾನೆ. ಪ್ಯಾಚ್ ಎಂದರೇನು? ಯಾರು ಬೇಕಾದರೂ ತಿದ್ದಬಹುದಾದರೆ ತಂತ್ರಾಂಶ ಕೆಟ್ಟುಹೋಗುವುದಿಲ್ಲವೇ?

ಉತ್ತರ: ಬಳಸುವ ಸಾಧನವನ್ನು ಸರಿಪಡಿಸಬೇಕೆಂಬ ನಿಮ್ಮ ಆಸೆ ಸಂತೋಷ ಕೊಡುವಂಥದ್ದು. ಮೊದಲು ಎರಡನೆಯ ಸಂದೇಹವನ್ನೇ ತೆಗೆದುಕೊಳ್ಳೋಣ. ಅದು ಬಹಳ ಜನರಿಗೆ ಬರುವ ಸಂದೇಹ.

ಇಂಕ್‌ಸ್ಕೇಪ್ ಜಿಪಿಎಲ್ ಪರವಾನಗಿಯಡಿ ಬರುತ್ತದೆ. ಅದರ ಮೂಲಸಂಕೇತವನ್ನು ಇಳಿಸಿಕೊಂಡು, ನಿಮ್ಮ ಪ್ರತಿಯಲ್ಲಿ ಏನು ಬೇಕಾದರೂ ಬದಲಿಸಿ, ಅದೇ ಪರವಾನಗಿಯಡಿ ಇತರರಿಗೂ ಹಂಚಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಆದರೆ ಯೋಜನೆಯವರು ಇಟ್ಟುಕೊಂಡಿರುವ ಮುಖ್ಯ ಪ್ರತಿಗೆ ಬದಲಾವಣೆ ಸೇರಿಸುವ ಅಧಿಕಾರ ಇರುವುದು ಅವರು ನಂಬಿ ಅನುಮತಿ ಕೊಟ್ಟವರಿಗೆ ಮಾತ್ರ. ಉಳಿದವರು ‘ಇಲ್ಲಿ ಹೀಗೆ ಬದಲಿಸಿದರೆ ಸರಿಹೋಗುತ್ತದೆ, ನೋಡಿ’ ಎಂದು ಕೇಳಿಕೊಳ್ಳಬೇಕು. ಆ ಕೋರಿಕೆಯೊಂದಿಗೆ ಕಳಿಸುವ ಬದಲಾವಣೆಯ ಕಡತವೇ ಪ್ಯಾಚ್.

ನೋಡಲು ಅದು ತೀರ ಸರಳ. ಒಂದು ಕಿಟಕಿಯ ಕನಿಷ್ಠ ಅಗಲವನ್ನು 120ರಿಂದ 160ಕ್ಕೆ ಏರಿಸಿದಿರಿ ಎನ್ನಿ. ಪ್ಯಾಚ್‌ನಲ್ಲಿ 120 ಇರುವ ಸಾಲು ಮೈನಸ್ ಗುರುತಿನೊಂದಿಗೆ, ಅದರ ಕೆಳಗೆ 160 ಇರುವ ಸಾಲು ಪ್ಲಸ್ ಗುರುತಿನೊಂದಿಗೆ ಬರುತ್ತದೆ. ಜಾಗ ಗೊತ್ತಾಗಲೆಂದು ಹಿಂದಿನ ಮೂರು, ಮುಂದಿನ ಮೂರು ಸಾಲುಗಳು ಬದಲಾವಣೆಯಿಲ್ಲದೆ ಇರುತ್ತವೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರು ಅಂಚಿನಲ್ಲಿ ಗುರುತು ಹಾಕಿ ಕಳಿಸುತ್ತಿದ್ದ ಹಾಗೆಯೇ ಇದು. ಇಂಥ ಕಡತವನ್ನು ಓದಿ ತಿದ್ದುಪಡಿಯನ್ನು ತಾನೇ ಹಚ್ಚುವ ‘ಪ್ಯಾಚ್’ ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಬರೆದರು. ಈಗ ಆ ಕೆಲಸವನ್ನು ಹೆಚ್ಚಾಗಿ ಗಿಟ್ ಎಂಬ ತಂತ್ರಾಂಶ ಮಾಡುತ್ತದೆ.

ಇನ್ನು ನೀವು ಮಾಡಬೇಕಾದ್ದು. ನೀವು ಕಂಡ ಕುಂದನ್ನು ಬೇರೆ ಯಾರಾದರೂ ಈಗಾಗಲೇ ವರದಿ ಮಾಡಿದ್ದಾರೆಯೇ ನೋಡಿ; ಇಂಕ್‌ಸ್ಕೇಪ್‌ನ ಅಭಿವೃದ್ಧಿ ಕೆಲಸ ಗಿಟ್‌ಲ್ಯಾಬ್ ಎಂಬ ಜಾಲತಾಣದಲ್ಲಿ ಬಹಿರಂಗವಾಗಿಯೇ ನಡೆಯುತ್ತದೆ. ಆಮೇಲೆ ಮೂಲಸಂಕೇತವನ್ನು ಇಳಿಸಿಕೊಂಡು, ಏನನ್ನೂ ಮುಟ್ಟದೆ ಒಮ್ಮೆ ಬಿಲ್ಡ್ ಮಾಡಿ, ಅಂದರೆ ಅದರಿಂದ ಓಡುವ ತಂತ್ರಾಂಶವನ್ನು ತಯಾರಿಸಿ. ಹೊಸಬರು ಹೆಚ್ಚು ಬಳಲುವುದು ಇಲ್ಲಿಯೇ. ಬೇಕಾದ ಲೈಬ್ರರಿಗಳನ್ನೆಲ್ಲ ಹೊಂದಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಗಬಹುದು, ಎದೆಗುಂದಬೇಡಿ. ಬಿಲ್ಡ್ ಆದ ಮೇಲೆ ಬೇರೆಯೇ ಒಂದು ಬ್ರಾಂಚ್ (ಬದಲಾವಣೆಗಳ ಪ್ರತ್ಯೇಕ ಕವಲು) ತೆರೆದು ತಿದ್ದಿ, ಪರೀಕ್ಷಿಸಿ, ಅದನ್ನು ಮುಖ್ಯ ಪ್ರತಿಗೆ ಸೇರಿಸುವಂತೆ ಕೋರುವ ‘ಮರ್ಜ್ ರಿಕ್ವೆಸ್ಟ್’ ಸಲ್ಲಿಸಿ. ಒಂದು ಪ್ಯಾಚ್‌ನಲ್ಲಿ ಒಂದೇ ತಿದ್ದುಪಡಿ ಇರಲಿ. ಹೋಗುತ್ತಾ ಕಂಡ ಇತರ ಸಾಲುಗಳನ್ನೂ ಚೊಕ್ಕಟ ಮಾಡುವ ಆಸೆಯಾಗುತ್ತದೆ, ಅದನ್ನು ತಡೆದುಕೊಳ್ಳಿ. ಪ್ಯಾಚ್ ಓದಿ ಪರಿಶೀಲಿಸುವವರಿಗೆ ನಿಮ್ಮ ಪರಿಚಯವಿಲ್ಲ. ಐದು ಸಾಲಿನ ಬದಲಾವಣೆಯನ್ನು ಅವರು ಕೂತಲ್ಲೇ ಓದಿ ಮುಗಿಸುತ್ತಾರೆ, ಐನೂರು ಸಾಲಿನದನ್ನು ನಾಳೆಗಿಡುತ್ತಾರೆ.

ನೀವು ಕಂಡದ್ದು ಕನ್ನಡ ಅಕ್ಷರಗಳು ಮೂಡುವ ತೊಂದರೆಯಾದರೆ ಪ್ಯಾಚ್ ಬರೆಯುವ ಮುಂಚೆ ಕುಂದು ಎಲ್ಲಿದೆ ಎಂದು ಹುಡುಕಬೇಕು. ‘ಸೂರ್ಯ’ ಎಂದು ಬರೆದಾಗ ಕಂಪ್ಯೂಟರ್ ನೆನಪಿನಲ್ಲಿಟ್ಟುಕೊಳ್ಳುವುದು ‘ರ’ ಮೊದಲು, ‘ಯ’ ಆಮೇಲೆ; ಪರದೆಯ ಮೇಲೆ ‘ಯ’ ಮೊದಲು ಬಂದು, ಅರ್ಕಾವತ್ತು ಅದರ ನಂತರ ಕೂರಬೇಕು. ಈ ಅದಲುಬದಲನ್ನು ಇಂಕ್‌ಸ್ಕೇಪ್ ತಾನೇ ಮಾಡುವುದಿಲ್ಲ, ಹಾರ್ಫ್‌ಬಜ್ ಎಂಬ ಲೈಬ್ರರಿಗೆ ಒಪ್ಪಿಸುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಬಳಸುವುದೂ ಅದನ್ನೇ. ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಲಿಬ್ರೆಆಫೀಸ್‌ನಲ್ಲೂ ಬರೆದು ನೋಡಿ. ಅಲ್ಲೂ ಒತ್ತಕ್ಷರ ಕೆಟ್ಟಿದ್ದರೆ ಫಾಂಟ್ ಬದಲಿಸಿ. ಸರಿಹೋದರೆ ಕುಂದು ಫಾಂಟಿನದೇ ಇರಬೇಕು. ಎಲ್ಲ ಫಾಂಟ್‌ಗಳಲ್ಲೂ ಕೆಟ್ಟರೆ ಹಾರ್ಫ್‌ಬಜ್‌ನವರಿಗೆ ತಿಳಿಸಿ. ಅಲ್ಲಿ ಆದ ಒಂದು ತಿದ್ದುಪಡಿ ಅದನ್ನು ಬಳಸುವ ಎಲ್ಲ ತಂತ್ರಾಂಶಗಳಿಗೂ ದಕ್ಕುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಮಾತ್ರ ಕೆಟ್ಟಿದ್ದರೆ ನಿಮ್ಮ ಪ್ಯಾಚ್‌ಗೆ ಅದೇ ಸರಿಯಾದ ಜಾಗ. ಮೆನುವಿನಲ್ಲಿ ಕನ್ನಡ ಪದ ತಪ್ಪಿದ್ದರಂತೂ ಸಿ ಪ್ಲಸ್ ಪ್ಲಸ್ ಮುಟ್ಟಬೇಕಾಗಿಯೇ ಇಲ್ಲ, ಅನುವಾದದ ಕಡತಗಳೇ ಪ್ರತ್ಯೇಕವಾಗಿವೆ.

ಸಲ್ಲಿಸಿದ ಕೂಡಲೇ ಯಂತ್ರಗಳು ನಿಮ್ಮ ಬದಲಾವಣೆಯನ್ನು ಲಿನಕ್ಸ್, ವಿಂಡೋಸ್, ಮ್ಯಾಕ್‌ಗಳಿಗೆ ಬಿಲ್ಡ್ ಮಾಡಿ ನೋಡುತ್ತವೆ. ಮಾದರಿ ಚಿತ್ರಗಳನ್ನು ಮತ್ತೆ ಬರೆಸಿ ಮೊದಲಿನಂತೆಯೇ ಬರುತ್ತವೆಯೇ ಎಂದು ಹೋಲಿಸುವ ಪರೀಕ್ಷೆಗಳೂ ಇವೆ. ಆಮೇಲೆ ಅನುಭವಿಗಳು ಓದುತ್ತಾರೆ. ತಂತ್ರಾಂಶ ಕೆಡದಂತೆ ಕಾಯುವುದು ಈ ಎರಡು ಜರಡಿಗಳು. ‘ಹೀಗೆ ಬೇಡ, ಹಾಗೆ ಬರೆಯಿರಿ’ ಎಂದು ಮರಳಿಸಿದರೆ ಅದು ತಿರಸ್ಕಾರವಲ್ಲ, ಓದಿದ್ದಾರೆ ಎಂದರ್ಥ. ತಿದ್ದಿ ಅದೇ ಕೋರಿಕೆಗೆ ಸೇರಿಸಿ. ನೀವು ಬರೆದ ಸಾಲುಗಳ ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ.

ಹೊಸಬರಿಗೆ ಬಾಗಿಲು ತೆರೆದಿಡುವುದು ಈ ಯೋಜನೆಯ ಹುಟ್ಟುಗುಣ. ಸೋಡಿಪೋಡಿ ಎಂಬ ಚಿತ್ರ ತಂತ್ರಾಂಶದ ನಾಲ್ವರು ಅಭಿವರ್ಧಕರು 2003ರಲ್ಲಿ ಬೇರೆಯಾಗಿ ಇಂಕ್‌ಸ್ಕೇಪ್ ಆರಂಭಿಸಿದ್ದಕ್ಕೆ ಹೆಚ್ಚು ಮುಕ್ತವಾಗಿ ಕೆಲಸ ಮಾಡಬೇಕೆಂಬ ಬಯಕೆಯೂ ಕಾರಣ. ಇಂದಿಗೂ ಅದನ್ನು ನಡೆಸುವವರಲ್ಲಿ ಬಹುಪಾಲು ಜನ ಸ್ವಯಂಸೇವಕರು. ಸಂಜೆಯ, ರಜೆಯ ಬಿಡುವಿನಲ್ಲಿ ಓದುವವರು. ಒಂದೆರಡು ವಾರ ಉತ್ತರ ಬರದಿದ್ದರೆ ನೊಂದುಕೊಳ್ಳದೆ, ಸೌಜನ್ಯದಿಂದ ಒಂದು ಸಾಲು ಬರೆದು ನೆನಪಿಸಿ.