ಬಣ್ಣದ ಪೊರೆಯ ಕೆಳಗೆ

ಹಾಯಿದೋಣಿಗೆ ಬಣ್ಣ ಬಳಿಯುವುದು ಅಂದಕ್ಕಾಗಿ ಎಂದು ದಡದಲ್ಲಿ ನಿಂತು ನೋಡುವವರು ಭಾವಿಸುವುದು ಸಹಜ. ಆದರೆ ಮರದ ದೋಣಿಗೆ ಬಣ್ಣವೆಂದರೆ ಅಲಂಕಾರಕ್ಕಿಂತ ಹೆಚ್ಚಾಗಿ ಒಂದು ಕವಚ. ಈ ಕವಚವು ಹೇಗೆ ಸೋಲುತ್ತದೆ, ಸೋತಾಗ ಅದನ್ನು ಹೇಗೆ ನವೀಕರಿಸಬೇಕು ಎಂಬುದನ್ನು ಪರಿಶೀಲಿಸೋಣ.

ಉದಾಹರಣೆಗೆ, 1963ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ‘ಮಿರರ್’ ದೋಣಿಯನ್ನು ತೆಗೆದುಕೊಳ್ಳಬಹುದು. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಎಂಬವರು ರೂಪಿಸಿದ ಇದರ ಉದ್ದ ಸುಮಾರು 3.3 ಮೀಟರು. ತೆಳುವಾದ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳನ್ನು ಗಾಜಿನ ನಾರಿನ ಪಟ್ಟಿ ಹಾಗೂ ರಾಳದಿಂದ ಬೆಸೆದರೆ ಮನೆಯಲ್ಲಿಯೇ ದೋಣಿ ಸಿದ್ಧ. ಹಲಗೆ ಇಷ್ಟು ತೆಳುವಾಗಿರುವುದರಿಂದ ಕೊಳೆತವು ಒಮ್ಮೆ ಹೊಕ್ಕರೆ ದೋಣಿಯೇ ಕೈಬಿಟ್ಟಂತೆ.

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮರದಲ್ಲಿರುವ ತೇವವು ಅದರ ಒಣ ತೂಕದ ಶೇಕಡ 20ರ ಒಳಗಿರುವವರೆಗೆ ಈ ಶಿಲೀಂಧ್ರವು ಬೆಳೆಯಲಾರದು. ಆ ಮಿತಿಯನ್ನು ಕಾಯುವುದೇ ಬಣ್ಣದ ಕೆಲಸ. ಆದರೆ ಬಿಸಿಲಿನ ಅತಿನೇರಿಳೆ ಕಿರಣಗಳಿಂದ ಬಣ್ಣವು ವರ್ಷ ಕಳೆದಂತೆ ಪೆಡಸಾಗುತ್ತದೆ. ಅದರ ಕೆಳಗಿನ ಮರವಾದರೋ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಗ್ಗಲಾರದ ಪೊರೆ ಬಿರಿಯುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಪೊರೆಯಡಿಯಲ್ಲೇ ಹರಡಿ, ಬಿಸಿಲು ಬಿದ್ದಾಗ ಆವಿಯಾಗಿ ಬೊಕ್ಕೆಗಳನ್ನೆಬ್ಬಿಸುತ್ತದೆ. ಹಲಗೆಯ ಅಂಚುಗಳಲ್ಲಿ ಮರದ ನಾಳಗಳ ಬಾಯಿಗಳು ತೆರೆದಿರುವುದರಿಂದ ಅವು ಬಹು ಬೇಗ ನೀರು ಹೀರುತ್ತವೆ. ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ಬೊಕ್ಕೆಯ ಮೇಲೆಯೇ ಹೊಸ ಬಣ್ಣ ಬಳಿಯುವುದು ಕಳ್ಳನನ್ನು ಒಳಗಿಟ್ಟು ಕದ ಹಾಕಿದಂತೆ. ಮೊಂಡು ಚೂರಿಯ ತುದಿಯಿಂದ ಒತ್ತಿದಾಗ ಮರ ಮೆತ್ತಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಕೂಡಿಸಬೇಕು. ಬಳಿಕ ಇಡೀ ದೋಣಿಯನ್ನು ಸಿಹಿನೀರಿನಿಂದ ತೊಳೆಯಬೇಕು; ಉಪ್ಪಿನ ಕಣಗಳು ಉಳಿದರೆ ಗಾಳಿಯ ತೇವವನ್ನು ಸೆಳೆಯುತ್ತಲೇ ಇರುತ್ತವೆ. ಅನಂತರ ಗಾಳಿಯಾಡುವ ನೆರಳಿನಲ್ಲಿ ಹಲವು ದಿನ ಒಣಗಿಸಬೇಕು. ಅವಸರದವರು ಬಿಟ್ಟುಬಿಡುವುದು ಈ ಹಂತವನ್ನೇ.

ಗಟ್ಟಿಯಾಗಿ ಅಂಟಿರುವ ಹಳೆಯ ಬಣ್ಣವನ್ನು ಕೀಳಬೇಕಾಗಿಲ್ಲ. ಅದರ ಹೊಳಪು ಹೋಗುವಂತೆ ಉಜ್ಜುಕಾಗದದಿಂದ ಉಜ್ಜಿದರೆ ಸಾಕು. ಹೊಸ ಬಣ್ಣವು ಆ ಸೂಕ್ಷ್ಮ ಗೀರುಗಳನ್ನು ಹಿಡಿದು ನಿಲ್ಲುತ್ತದೆ. ಹಳೆಯ ದೋಣಿಯ ಬಣ್ಣದಲ್ಲಿ ವಿಷಕರವಾದ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿ ಉಜ್ಜುವುದೇ ಕ್ಷೇಮ.

ಎಣ್ಣೆಬಣ್ಣವು ಒದ್ದೆ ಬಟ್ಟೆಯಂತೆ ಒಣಗುತ್ತದೆಯೇ? ಇಲ್ಲ. ಅದನ್ನು ತೆಳುವಾಗಿಸುವ ದ್ರವ ಮಾತ್ರ ಆರಿಹೋಗುತ್ತದೆ. ಅಗಸೆಯೆಣ್ಣೆಯಂಥ ಎಣ್ಣೆಗಳು ಗಾಳಿಯ ಆಮ್ಲಜನಕವನ್ನು ಹೀರಿ, ಅವುಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ದಪ್ಪವಾಗಿ ಬಳಿದರೆ ಮೇಲ್ಗಡೆ ಕೆನೆಗಟ್ಟಿ, ಕೆಳಗಣ ಭಾಗಕ್ಕೆ ಆಮ್ಲಜನಕ ದೊರೆಯದೆ ಪೊರೆ ಸುಕ್ಕಾಗುತ್ತದೆ. ತೆಳುವಾದ ಲೇಪಗಳನ್ನು ಒಂದೊಂದಾಗಿ ಒಣಗಿಸುತ್ತ ಕೊಡುವುದು ಇದಕ್ಕಾಗಿಯೇ. ಸಂಜೆ ಬಳಿದರೆ ಇಬ್ಬನಿ ಬಿದ್ದು ಹೊಳಪು ಮಾಸುತ್ತದೆ. ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುವುದರಿಂದ ಅಗಸೆಯೆಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.

ಮಿರರ್ ದೋಣಿಯನ್ನು ಬಳಸಿದ ಮೇಲೆ ದಡಕ್ಕೆ ಎಳೆದಿಡುವುದರಿಂದ ಅದರ ತಳಕ್ಕೆ ಸಾಮಾನ್ಯ ಬಣ್ಣವೇ ಸಾಲುತ್ತದೆ. ಸದಾ ಸಮುದ್ರದಲ್ಲಿ ತೇಲುವ ದೋಣಿಗಳ ತಳಕ್ಕಾದರೆ ಚಿಪ್ಪುಜೀವಿಗಳೂ ಪಾಚಿಯೂ ಅಂಟುತ್ತವೆ. ಹಿಂದೆ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. 1824ರಲ್ಲಿ ಹಂಫ್ರಿ ಡೇವಿಯು ತಗಡಿಗೆ ಕಬ್ಬಿಣ, ಸತುಗಳ ತುಂಡುಗಳನ್ನು ಜೋಡಿಸಿ ತಾಮ್ರದ ಸವೆತವನ್ನೇನೋ ತಡೆದನು. ಒಡನೆಯೇ ಚಿಪ್ಪುಜೀವಿಗಳು ಮತ್ತೆ ಅಂಟತೊಡಗಿದವು! ಅವನ್ನು ದೂರವಿಡುತ್ತಿದ್ದುದು ಮೆಲ್ಲನೆ ಕರಗುವ ತಾಮ್ರವೇ. ಇಂದಿನ ತಾಮ್ರಯುಕ್ತ ತಳಬಣ್ಣಗಳೂ ಹೀಗೆಯೇ ಕೆಲಸ ಮಾಡುತ್ತವೆ. ಆದುದರಿಂದಲೇ ಅವನ್ನು ಕೆರೆಯುವಾಗ ಕೆಳಗೆ ಬಟ್ಟೆ ಹಾಸಿ, ಪುಡಿಯು ನೀರಿಗೆ ಬೀಳದಂತೆ ಶೇಖರಿಸಬೇಕಾಗುತ್ತದೆ.